ಅತ್ತೆಯ ಮಾತು ಬರೆದಿರಲಿಲ್ಲ

ಶ್ರೇಯಾ, ಓಂಕಾರ,

ಹೋದ ತಿಂಗಳು ನಿಮ್ಮ ಸಾಲೆಯ ಗ್ಯಾದರಿಂಗಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದಿರಿ. ಮರಾಠಿ ನಾಟಕದಲ್ಲಿ ಶ್ರೇಯಾ ಕನ್ನಡದ ಮುದುಕಿಯಾಗಿದ್ದಳು. ನನ್ನ ಇಳಕಲ್ ಸೀರೆ ಉಟ್ಟು, ಕೋಲು ಹಿಡಿದು, ಮರಾಠಿಯನ್ನು ನಮ್ಮ ಹಳ್ಳಿಯವರ ರಾಗದಲ್ಲಿ ಎಳೆದೆಳೆದು ಆಡಿದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮನೆಗೆ ಬರುವಾಗ ರಿಕ್ಷಾದಲ್ಲಿ ಅವಳು, ಆಜಿ, ನಿನಗೆ ಸಿಟ್ಟು ಬಂತೇನು ಎಂದು ಕೇಳಿದಳು. ಇಲ್ಲ ಎಂದೆ. ಸಿಟ್ಟು ಬಂದಿರಲಿಲ್ಲ, ನಿಜ. ಆದರೆ ನಾನು ನಕ್ಕೂ ಇರಲಿಲ್ಲ, ಅದನ್ನು ಅವಳು ವೇದಿಕೆಯ ಮೇಲಿಂದ ನೋಡಿದ್ದಳು. ಅದರ ಕಾರಣ ರಿಕ್ಷಾದಲ್ಲಿ ಹೇಳುವಂಥದ್ದಲ್ಲ. ನನಗೆ ನಾಲ್ಕು ಜನರ ಮುಂದೆ ಮಾತು ಬರುವುದಿಲ್ಲ. ನಾಗಣಸೂರಿನ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತಿದ್ದೇನೆ, ಅಷ್ಟರಲ್ಲೇ ಬರೆಯುತ್ತೇನೆ. ಶ್ರೇಯಾ ತಡವರಿಸಿಯಾದರೂ ಕನ್ನಡ ಓದುತ್ತಾಳೆ. ಓಂಕಾರನಿಗೆ ಅವಳೇ ಓದಿ ಹೇಳಲಿ.

ನಮ್ಮ ತವರಿನ ಮನೆಯನ್ನು ನೀವು ನೋಡಿಲ್ಲ. ಕಲ್ಲುಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ತಲೆಬಾಗಿಲು ದಾಟಿದರೆ ಅಂಗಳ, ಒಂದು ಬದಿಗೆ ಎತ್ತು ಕಟ್ಟುವ ಜಾಗ, ಎದುರಿಗೆ ಪಡಸಾಲೆ. ಪಡಸಾಲೆಯ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ. ನಡುಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಗವಾಕ್ಷಿ ಇತ್ತು. ಅದರಿಂದ ಬೀಳುವ ಬೆಳಕು ಬೆಳಿಗ್ಗೆ ಜೋಳದ ಚೀಲಗಳ ಮೇಲೆ ಇರುತ್ತಿತ್ತು, ಮಧ್ಯಾಹ್ನ ಬೀಸುವ ಕಲ್ಲಿನ ಹತ್ತಿರ ಬರುತ್ತಿತ್ತು. ಗಂಡಸರ ಜಾಗ ಪಡಸಾಲೆ. ಹೆಂಗಸರು ನಡುಮನೆಯ ಬಾಗಿಲವರೆಗೆ ಬರಬಹುದು, ಆಚೆ ಗಂಡಸರು ಕೂತಿದ್ದರೆ ಒಂದು ಕದ ಮುಂದೆ ಮಾಡಿ ಅದರ ಹಿಂದೆ ನಿಲ್ಲಬೇಕು. ನಾನು ಚಿಕ್ಕಂದಿನಲ್ಲಿ ಕೇಳಿದ ಮಾತುಗಳಲ್ಲಿ ಅರ್ಧ ಆ ಕದದ ಹಿಂದಿನಿಂದ ಕೇಳಿದವು. ಮನೆಯಲ್ಲಿ ಅಪ್ಪ, ಅವ್ವ, ಅಣ್ಣ ಮಲ್ಲಣ್ಣ, ಅವನ ಹೆಂಡತಿ, ಅವರ ಕೂಸು ಬಾಬು, ನಾನು, ಮತ್ತು ಅಪ್ಪನ ತಮ್ಮ ಬಸಣ್ಣ ಕಾಕಾ ಇದ್ದೆವು. ಕಾಕಾ ಮದುವೆಯಾಗಿರಲಿಲ್ಲ. ಹೊಲದ ಕೆಲಸದಲ್ಲಿ ಅಪ್ಪನ ಜೊತೆಗೆ ಇರುತ್ತಿದ್ದ, ಉಳಿದ ಹೊತ್ತಿನಲ್ಲಿ ನಾಟಕ ಬರೆಯುತ್ತಿದ್ದ. ಯಾವ ಸಾಲೆಯಲ್ಲೂ ಕಲಿಸದಿದ್ದರೂ ಊರು ಅವನನ್ನು ಮಾಸ್ತರ ಎನ್ನುತ್ತಿತ್ತು.

ಪ್ರತಿ ವರ್ಷ ಜೋಳದ ರಾಶಿ ಮುಗಿದ ಮೇಲೆ ಊರಲ್ಲಿ ಕಾಕಾನ ನಾಟಕ ಆಗುತ್ತಿತ್ತು. ಅದರ ತಾಲೀಮು ನಮ್ಮ ಪಡಸಾಲೆಯಲ್ಲಿ, ಸೋಮವಾರ ಮಧ್ಯಾಹ್ನ. ಸೋಮವಾರ ನಮ್ಮ ಕಡೆ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಹಾಗಾಗಿ ಎಲ್ಲರಿಗೂ ಬಿಡುವು. ಕಾಕಾ ಸೇಂಗಾ ಮಾರಲು ಸೋಲಾಪುರಕ್ಕೆ ಹೋದರೆ ಮರಾಠಿ ನಾಟಕ ನೋಡದೆ ಬರುತ್ತಿರಲಿಲ್ಲ. ಅಕ್ಕಲಕೋಟಕ್ಕೆ ಕನ್ನಡ ಕಂಪನಿ ಬಂದು ಟೆಂಟು ಹಾಕಿದರೆ ಅದನ್ನೂ ಬಿಡುತ್ತಿರಲಿಲ್ಲ. ಸೋಲಾಪುರದ ನಾಟಕದಲ್ಲಿ ಕನ್ನಡ ಮಾತಾಡುವವನು ಬಂದ ಎಂದರೆ ಅವನು ಅಡುಗೆಯವನೋ ಪೆದ್ದನೋ ಆಗಿರುತ್ತಾನೆ ಎಂದು ಅವನೇ ಬಂದು ಹೇಳುತ್ತಿದ್ದ. ನಮ್ಮ ಊರಿನ ನಾಟಕದಲ್ಲಿ ಅದೇ ಜಾಗದಲ್ಲಿ ಮರಾಠಿ ತಲಾಠಿ, ಎಂದರೆ ಊರಿನ ಜಮೀನಿನ ಲೆಕ್ಕ ಬರೆಯುವ ಸರಕಾರಿ ಮನುಷ್ಯ, ಬರುತ್ತಿದ್ದ. ಆ ಪಾತ್ರ ಕಾಕಾನೇ ಬರೆದದ್ದು. ಕಥೆ ಯಾವುದೇ ಇರಲಿ, ಮಧ್ಯದಲ್ಲಿ ಒಬ್ಬ ತಲಾಠಿ ಛತ್ರಿ ಹಿಡಿದುಕೊಂಡು ಬಂದು ಮರಾಠಿಯಲ್ಲಿ ಬೈದು, ಜಾರಿ ಬಿದ್ದು ಹೋಗಬೇಕು. ಆ ಪಾತ್ರ ಶಿಂಪಿಗರ ಸಿದ್ರಾಮನದು. ಅವನು ಸೋಲಾಪುರದಲ್ಲಿ ಕೆಲವು ವರ್ಷ ಬಟ್ಟೆ ಹೊಲಿದು ಬಂದಿದ್ದರಿಂದ ಮರಾಠಿ ಚೆನ್ನಾಗಿ ಬರುತ್ತಿತ್ತು. ದಪ್ಪ ಮನುಷ್ಯ, ದಪ್ಪ ಮೀಸೆ. ಅವನು ಛತ್ರಿ ಬಿಚ್ಚಿದರೆ ಸಾಕು, ಬಾಯಿ ತೆರೆಯುವ ಮೊದಲೇ ಜನ ನಗುತ್ತಿದ್ದರು.

ಅಣ್ಣನ ಹೆಂಡತಿ ಸೋಲಾಪುರದವಳು. ನಾನು ವೈನಿ ಎನ್ನುತ್ತಿದ್ದೆ, ಅವಳು ನನ್ನನ್ನು ಮರಾಠಿ ಪದ್ಧತಿಯಂತೆ ವನ್ಸ ಎನ್ನುತ್ತಿದ್ದಳು. ಅವರದು ನೂಲಿನ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಜಾತಿ ಒಂದೇ, ಕೊರಳಿನ ಲಿಂಗ ಒಂದೇ, ಆದರೆ ಅವರ ಮನೆಮಾತು ಮರಾಠಿ. ನಮ್ಮ ಊರಲ್ಲಿ ಮರಾಠಿ ತಿಳಿಯದವರು ಯಾರೂ ಇರಲಿಲ್ಲ. ಅವಳು ಮರಾಠಿಯಲ್ಲಿ ಕೇಳಿದರೆ ಅವ್ವ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದಳು, ಅಡುಗೆ, ನೀರು, ದನ ಎಲ್ಲ ಹಾಗೇ ನಡೆಯುತ್ತಿತ್ತು. ಮದುವೆಯಾಗಿ ಬಂದ ವರ್ಷ ವೈನಿ ಕದದ ಹಿಂದೆ ನಿಂತು ಸಿದ್ರಾಮನ ತಲಾಠಿಯನ್ನು ಕೇಳಿದಳು. ಸೋಲಾಪುರದಲ್ಲಿ ನಾಯಿಯನ್ನು ಓಡಿಸುವವರೂ ಹೀಗೆ ಮಾತಾಡುವುದಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದಳು. ನಾನು ಹೋಗಿ ಕಾಕಾನಿಗೆ ಹೇಳಿದೆ. ಕಾಕಾ ನಕ್ಕ. ನಾಟಕದ ಮಂದಿ ಬೇರೆ, ಮಂದಿ ಬೇರೆ ಎಂದ.

ಮರುವರ್ಷ ದಸರೆ ಮುಗಿದ ಮೇಲೆ ಮಲ್ಲಣ್ಣ ಸತ್ತ. ಹೊಲಗಳಿಗೆ ಕರೆಂಟು ಬಂದ ಹೊಸತು. ಎತ್ತು ಹೂಡಿ ನೀರು ಎಳೆಯುವುದನ್ನು ಬಿಟ್ಟು ಎಲ್ಲರೂ ಬಾವಿಗೆ ಮೋಟಾರು ಕೂಡಿಸುತ್ತಿದ್ದರು. ಅವನು ಬೆಳಿಗ್ಗೆ ಬಾವಿಗೆ ಇಳಿದವನು ಕರೆಂಟು ಹೊಡೆದು ಅಲ್ಲೇ ಹೋದ. ನಾನು ಸಾಲೆಯಲ್ಲಿದ್ದೆ. ವೈನಿ ಬಾಬುವನ್ನು ಕಟ್ಟಿಕೊಂಡು ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗಿದ್ದಳು. ಅವ್ವ ಒಬ್ಬಳೇ ಮನೆಯಲ್ಲಿದ್ದಳು. ನಾನು ಬಂದಾಗ ಚಕ್ಕಡಿಯಿಂದ ಅವನನ್ನು ಇಳಿಸಿ ಅಂಗಳದಲ್ಲಿ ಮಲಗಿಸಿದ್ದರು. ಓಣಿಯ ಹೆಂಗಸರೆಲ್ಲ ಸೇರಿದ್ದರು. ನಮ್ಮಲ್ಲಿ ಹೆಂಗಸರು ಸತ್ತವರ ಗುಣ ಹೇಳಿಕೊಂಡು, ಹಾಡಿಕೊಂಡು, ಒಬ್ಬರ ಕೊರಳು ಒಬ್ಬರು ಹಿಡಿದುಕೊಂಡು ಅಳುತ್ತಾರೆ. ವೈನಿ ಒದ್ದೆ ಬಟ್ಟೆಯ ಬುಟ್ಟಿ ಹೊತ್ತುಕೊಂಡು ಬಂದಳು. ಬುಟ್ಟಿ ಇಳಿಸಿದಳು, ಕೂಸನ್ನು ನನ್ನ ಕೈಗೆ ಕೊಟ್ಟಳು. ಅಣ್ಣನ ಹತ್ತಿರ ಹೋಗಿ ಕೂತಳು. ಆಮೇಲೆ ತಲೆ ಎತ್ತಿ ಅವ್ವನ ಮುಖ ನೋಡಿ ಕೇಳಿದಳು:

"ತೇ ಜೇವೂನ್ ಗೇಲೇ ಹೋತೇ ಕಾ?"

ಅವರು ಉಂಡು ಹೋಗಿದ್ದರಾ ಎಂದು. ಅಲ್ಲಿದ್ದವರೆಲ್ಲರಿಗೂ ಆ ಮಾತು ತಿಳಿಯಿತು. ಅವ್ವ ಉತ್ತರ ಕೊಡಲಿಲ್ಲ. ವೈನಿ ಇನ್ನೊಮ್ಮೆ ಕೇಳಿದಳು. ಆಗಲೂ ಅವ್ವ ಉತ್ತರ ಕೊಡಲಿಲ್ಲ, ಮುಖ ತಿರುಗಿಸಿದಳು. ಅಷ್ಟೇ. ವೈನಿ ಆಮೇಲೆ ಬಾಯಿ ಬಿಡಲಿಲ್ಲ. ಅಳಲೂ ಇಲ್ಲ. ಹೆಂಗಸರು ಬಂದು ಅವಳ ಕೊರಳಿಗೆ ಬಿದ್ದು ಅತ್ತರು, ಅವಳು ಕಂಬದ ಹಾಗೆ ಕೂತಿದ್ದಳು. ಆ ದಿನವೇ ಮಾತು ಹುಟ್ಟಿತು. ಬಾಜೂ ಮನೆಯ ಗೌರಕ್ಕ ನಮ್ಮ ಅಂಗಳದಲ್ಲಿ ನಿಂತೇ ಹೇಳಿದಳು:

"ಗಂಡನ ಹೆಣ ಅಂಗಳದಾಗದ, ಈಕಿಗಿ ಊಟದ ಚಿಂತಿ. ಪ್ಯಾಟಿ ಮಂದಿ ನೋಡವಾ, ಎದ್ಯಾಗ ಏನೂ ಇರಂಗಿಲ್ಲ."

ಆಮೇಲಿನ ದಿನಗಳ ಬಗ್ಗೆ ಬರೆಯಲು ನನಗೆ ಹೆಚ್ಚು ಇಲ್ಲ. ದುಃಖವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮನೆ ಮರಗಟ್ಟಿತ್ತು. ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾವು ಉಣ್ಣುತ್ತಿದ್ದೆವು. ಪಲ್ಯಕ್ಕೆ ಉಪ್ಪು ಇಲ್ಲದಿದ್ದರೆ ಯಾರೂ ಕೇಳುತ್ತಿರಲಿಲ್ಲ, ಎರಡು ಸಲ ಬಿದ್ದಿದ್ದರೂ ಕೇಳುತ್ತಿರಲಿಲ್ಲ. ಅಪ್ಪ ಬೆಳಿಗ್ಗೆ ಎದ್ದು ಹೊಲಕ್ಕೆ ಹೋಗಿ ಆ ಬಾವಿಯ ನೀರನ್ನೇ ಗೋಧಿಗೆ ಬಿಡುತ್ತಿದ್ದ. ನಾನು ಸಾಲೆಗೆ ಹೋಗಿ ಬರುತ್ತಿದ್ದೆ, ಅಲ್ಲಿ ಏನು ಕಲಿಸಿದರು ಎಂಬುದು ಒಂದೂ ನೆನಪಿಲ್ಲ. ಬಾಬು ನಡೆಯಲು ಕಲಿತ. ಅವನು ಮೊದಲ ಹೆಜ್ಜೆ ಇಟ್ಟಿದ್ದನ್ನು ನಾವೆಲ್ಲ ನೋಡಿದೆವು, ಯಾರೂ ಏನೂ ಅನ್ನಲಿಲ್ಲ. ವೈನಿ ಕೆಲಸ ಮಾಡುತ್ತಿದ್ದಳು, ಆದರೆ ತುತ್ತು ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನೀರು ಕುಡಿದು ಕುಡಿದು ನುಂಗುತ್ತಿದ್ದಳು. ಅವಳ ತೋಳು ನನ್ನ ತೋಳಿನಷ್ಟಾಯಿತು. ಅವಳು ಅವ್ವನ ಕಡೆ ನೋಡುತ್ತಿದ್ದಳು, ಅವ್ವ ಅವಳ ಕಡೆ ನೋಡುತ್ತಿರಲಿಲ್ಲ.

ಬೀಗರು, ಎಂದರೆ ವೈನಿಯ ತಂದೆ, ಸೋಲಾಪುರದಿಂದ ಬಂದರು. ಪಡಸಾಲೆಯಲ್ಲಿ ಚಹಾ ಕುಡಿದು, ಮಗಳನ್ನೂ ಮೊಮ್ಮಗನನ್ನೂ ಕರೆದುಕೊಂಡು ಹೋಗುತ್ತೇನೆ, ಅವಳು ಇನ್ನೂ ಚಿಕ್ಕವಳು, ಅಲ್ಲಿ ಏನಾದರೂ ಕಲಿಯಲಿ ಎಂದು ಅಪ್ಪನಿಗೆ ಮೆತ್ತಗೆ ಹೇಳಿದರು. ಅಪ್ಪ ಆಗಲಿ ಎಂದು ತಲೆ ಅಲ್ಲಾಡಿಸಿದ. ಕದದ ಹಿಂದಿನಿಂದ ಅವ್ವನ ದನಿ ಬಂತು:

"ಸೊಸಿ ಬೇಕಾದ್ರ ಹೋಗಲಿ, ಕೂಸು ಈ ಮನಿದು. ಗಂಡ ಸತ್ತಾಗ ಕಣ್ಣಾಗ ನೀರ ಬರಲಿಲ್ಲ ಆಕಿಗಿ. ಕೂಸಿಗಿ ಏನ ಮಾಡತಾಳ?"

ಬೀಗರು, ಯುಗಾದಿ ಮುಗಿದ ಮೇಲೆ ಬಂದು ಕೇಳುತ್ತೇನೆ ಎಂದು ಎದ್ದರು. ವೈನಿ ಆ ಹೊತ್ತು ನನ್ನ ಪಕ್ಕದಲ್ಲೇ ಇದ್ದಳು, ಬಾಬು ಅವಳ ಸೆರಗು ಜಗ್ಗುತ್ತಿದ್ದ. ಅವಳು ಅವನನ್ನು ಎತ್ತಿಕೊಂಡಳು. ಅಂದಿನಿಂದ ಅವನನ್ನು ಕೆಳಗೆ ಬಿಡುವುದನ್ನೇ ಕಡಿಮೆ ಮಾಡಿದಳು. ಬೀಸುವಾಗಲೂ ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದಳು.

ಸಂಕ್ರಾಂತಿಯ ಸುಮಾರಿಗೆ ಕಾಕಾ ಸೋಲಾಪುರಕ್ಕೆ ಹೊರಟ. ಕೂಸಿನ ವಿಷಯ ಬೀಗರಿಗೆ ಖಚಿತವಾಗಿ ಹೇಳಿ ಬಾ ಎಂದು ಅವ್ವ ಅವನನ್ನು ಕಳಿಸಿದ್ದಳು. ನನ್ನನ್ನೂ ಕರೆದುಕೊಂಡ. ಊರಿನ ಸ್ಟೇಶನ್ನಿನಿಂದಲೇ ಪ್ಯಾಸೆಂಜರ್ ಗಾಡಿ ಹತ್ತಿದೆವು. ವೈನಿಯ ಮನೆಯನ್ನು ನಾನು ಮೊದಲ ಸಲ ನೋಡಿದ್ದು ಆಗ. ಅಂಗಡಿಯ ಪಕ್ಕದಲ್ಲಿ ಕಟ್ಟಿಗೆಯ ಏಣಿಮೆಟ್ಟಿಲು, ಮೇಲೆ ಸಾಲಾಗಿ ಮೂರು ಕೋಣೆ, ಕೆಳಗಿನ ಗಿರಾಕಿಗಳ ಮಾತು ಒಂದೊಂದೂ ಮೇಲೆ ಕೇಳುತ್ತಿತ್ತು. ಮೇಲಿನ ಮಾತೂ ಕೆಳಗೆ ಕೇಳುತ್ತದೆ ಎಂದು ಅವರ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು. ನಾವು ಹೋದ ದಿನ ಅವರ ಹಿಂದಿನ ಓಣಿಯಲ್ಲಿ ಮಗ್ಗದ ಕೆಲಸದ ಒಬ್ಬ ತೆಲುಗು ಮುದುಕ ತೀರಿಹೋಗಿದ್ದ. ವೈನಿಯ ಆಜಿ ಅಡುಗೆಮನೆಯಲ್ಲಿ ಭಾಕರಿ, ಎಂದರೆ ನಮ್ಮ ಜೋಳದ ರೊಟ್ಟಿ, ಬಡಿಯುತ್ತಿದ್ದಳು. ಭಾಕರಿ, ಕಡಲೆಹಿಟ್ಟಿನ ಪಿಠಲ ಒಂದು ಅರಿವೆಯಲ್ಲಿ ಕಟ್ಟಿ, ನನ್ನ ಕೈಗೆ ಕೊಟ್ಟು, ಜೊತೆಗೆ ಬಾ ಎಂದಳು. ಕಾಕಾನೂ ಹಿಂದೆ ಬಂದ. ಸತ್ತವರ ಮನೆಯ ಹೊಸ್ತಿಲಲ್ಲಿ ನಿಂತು ಆಜಿ ಅತ್ತಿಲ್ಲ, ಏನಿಲ್ಲ, ಆ ಮನೆಯ ಸೊಸೆಯನ್ನು ಕೇಳಿದಳು. ಅದೇ ಮಾತು. ಉಂಡು ಹೋದರಾ ಎಂದು. ಸೊಸೆ, ಬೆಳಿಗ್ಗೆ ಸ್ವಲ್ಪ ಗಂಜಿ ಕುಡಿದಿದ್ದರು ಎಂದಳು. ಆಜಿ ಒಳಗೆ ಹೋಗಿ ಅವಳ ಪಕ್ಕದಲ್ಲಿ ಕೂತಳು. ಬಂದ ಹೆಂಗಸರೆಲ್ಲ ಅದನ್ನೇ ಕೇಳಿ, ಅದನ್ನೇ ತಿಳಿದುಕೊಂಡು ಕೂರುತ್ತಿದ್ದರು.

ತಿರುಗಿ ಬರುವಾಗ ಕಾಕಾ ಅದೇನು ಎಂದು ಕೇಳಿದ. ಆಜಿ ಮರಾಠಿಯಲ್ಲಿ ಹೇಳಿದಳು. ನಮ್ಮ ಓಣಿಯಲ್ಲಿ ಮೊದಲು ಕೇಳುವುದೇ ಅದು. ಉಂಡು ಹೋದ ಜೀವಕ್ಕೆ ಮಾಡುವುದು ಏನೂ ಇಲ್ಲ. ಹಸಿದು ಹೋಗಿದ್ದರೆ ಅವನ ಹೆಸರಲ್ಲಿ ಅವತ್ತೇ ಯಾರಿಗಾದರೂ ಹೊಟ್ಟೆ ತುಂಬ ಉಣಿಸಬೇಕು. ಅದಾಗುವವರೆಗೆ ಹೆಂಡತಿ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ಅಳುವುದು ಆಮೇಲೆ ಇದ್ದೇ ಇದೆ ಎಂದಳು. ಕಾಕಾ ಮೆಟ್ಟಿಲ ಹತ್ತಿರ ನಿಂತುಬಿಟ್ಟ. ಆ ದಿನ ವೈನಿ ಕೇಳಿದ್ದನ್ನು ಆಜಿಗೆ ಹೇಳಿದ. ಆಜಿ ಅವನನ್ನು ನೋಡಿ ಕೇಳಿದಳು:

"ಮಗ ತುಮ್ಹೀ ಕಾಯ ಸಾಂಗಿತಲಂ?"

ಮತ್ತೆ ನೀವು ಏನು ಹೇಳಿದಿರಿ ಎಂದು. ಕೂಸಿನ ವಿಷಯ ಹೇಳಲು ಬಂದ ಕಾಕಾ ಅದನ್ನು ಹೇಳದೆಯೇ ಗಾಡಿ ಹತ್ತಿದ. ಗಾಡಿ ಹೋಟಗಿ ದಾಟಿದ ಮೇಲೆ ಕಿಟಕಿಯ ಹೊರಗೆ ನೋಡುತ್ತ ಹೇಳಿದ:

"ಗುರವ್ವ, ಈ ಮಂದಿ ಮ್ಯಾಲ ಎಷ್ಟ ವರ್ಷ ನಗಿ ಬರದೀನಿ ನಾ. ಇವರ ಮನ್ಯಾಗ ಸಾವು ಹ್ಯಾಂಗ ಆಗತದ ಅಂತ ಒಂದ ದಿನಾನೂ ಕೇಳಿದ್ದಿಲ್ಲ."

ಮನೆಗೆ ಬಂದು ಊಟಕ್ಕೆ ಕೂತಾಗ ಅವನು ಅವ್ವನಿಗೆ ಹೇಳಲು ನೋಡಿದ. ಆ ದಿನ ಅವಳು ಕೇಳಿದ ಮಾತು, ಎಂದು ಶುರು ಮಾಡಿದ. ಅವ್ವ ಕೈಯಲ್ಲಿದ್ದ ಪಾತ್ರೆ ಅಲ್ಲೇ ಇಟ್ಟು ಎದ್ದು ಹಿತ್ತಲಿಗೆ ಹೋದಳು. ಇನ್ನೊಂದು ದಿನ ಮತ್ತೆ ಪ್ರಯತ್ನಿಸಿದ. ಆ ಮಾತು ಈ ಮನೆಯಲ್ಲಿ ಬೇಡ ಎಂದಳು. ಮೂರನೆಯ ಸಲ ಅವನು ಹಾಳೆ ತೆಗೆದುಕೊಂಡು ಬರೆಯಲು ಕೂತ.

ಆ ವರ್ಷ ನಮ್ಮ ಮನೆಯಲ್ಲಿ ಹಬ್ಬವಿಲ್ಲ, ನಾವು ಯಾರೂ ನಾಟಕ ನೋಡಲು ಹೋಗುವ ಹಾಗಿರಲಿಲ್ಲ. ತಾಲೀಮು ಬೇರೆ ಮನೆಯಲ್ಲಿ ಆಗಲಿ ಎಂದು ಊರವರೇ ಹೇಳಿದರು. ಅಪ್ಪ ಮಾತ್ರ ಬೇಡ ಎಂದ. ತಾಲೀಮು ಹಬ್ಬ ಅಲ್ಲ, ಕೆಲಸ, ಇಲ್ಲೇ ಆಗಲಿ ಎಂದ. ಮನೆಯಲ್ಲಿ ಯಾರದಾದರೂ ದನಿ ಇರಲಿ ಎಂದು ಅವನಿಗೆ ಅನಿಸಿರಬೇಕು. ಕಥೆ ಒಬ್ಬ ಅರಸನ ಮನೆಯದು. ಅರಸನ ಮಗ ದಂಡಿಗೆ ಹೋಗಿ ಸಾಯುತ್ತಾನೆ. ಸೊಸೆ ಮರಾಠಿ ದೇಶದವಳು. ಹೆಣ ಬಂದಾಗ ಅವಳು ಅತ್ತೆಯನ್ನು ಕೇಳುವ ಮಾತನ್ನು ಬರೆಯುವ ಮೊದಲು ಕಾಕಾ ನನ್ನನ್ನು ನಡುಮನೆಗೆ ಕಳಿಸಿದ. ನಿನ್ನ ಮಾತು ನಾಟಕದಲ್ಲಿ ಹಾಕಲೇನು ಎಂದು ಕೇಳಿ ಬಾ ಎಂದ. ವೈನಿ ಜೋಳ ಹಸನು ಮಾಡುತ್ತಿದ್ದಳು. ಬರೆಯಲಿ, ಆದರೆ ನಾಟಕದ ಸೊಸೆ ಅಳಬಾರದು ಎಂದಳು.

ಆ ಪಾತ್ರ ಯಾರು ಮಾಡಬೇಕು ಎಂಬಲ್ಲಿ ಕಷ್ಟ ಬಂತು. ಇಡೀ ಮಾತನ್ನು ಮರಾಠಿಯಲ್ಲೇ ಸರಿಯಾಗಿ ಆಡಬಲ್ಲವನು ನಟರಲ್ಲಿ ಒಬ್ಬನೇ, ಶಿಂಪಿಗರ ಸಿದ್ರಾಮ. ಕಾಕಾ ಅವನಿಗೆ ಸೊಸೆಯ ಪಾತ್ರ ಕೊಟ್ಟ. ಸಿದ್ರಾಮ ಗಾಬರಿಯಾದ.

"ಮಾಸ್ತರ, ನಾ ಮರಾಠಿ ಬಾಯಿ ತೆರದ್ರ ಮಂದಿ ನಗತಾರ್ರಿ. ನೀವs ಇಷ್ಟ ವರ್ಷ ಕೈಯಾಗ ಛತ್ರಿ ಕೊಟ್ಟು ನಗಸೀರಿ."

"ಈ ವರ್ಷ ಛತ್ರಿ ಇಲ್ಲ. ಮೀಸಿ ಬೋಳಸು."

"ಮೀಸಿ ಬೋಳಿಸಿದ್ರ ಹೆಂಡತಿ ಮನ್ಯಾಗ ಕರಕೊಳ್ಳಂಗಿಲ್ರಿ."

"ಇಲ್ಲೇ ಮಲಗು. ಪಡಸಾಲಿ ದೊಡ್ಡದದ."

ಅವನಿಗೆ ಆ ಮಾತು ಕಲಿಸಿದವಳು ವೈನಿ. ಅವನು ಪಡಸಾಲೆಯಲ್ಲಿ ಹೇಳುತ್ತಿದ್ದ, ಅವಳು ಕದದ ಹಿಂದೆ ಕೇಳುತ್ತಿದ್ದಳು, ನಾನು ನಡುವೆ ಓಡಾಡುತ್ತಿದ್ದೆ. ಅವನು ನಾಟಕದವರ ರೂಢಿಯಂತೆ ಎದೆ ಬಡಿದುಕೊಂಡು, ದನಿ ನಡುಗಿಸಿ ಹೇಳುತ್ತಿದ್ದ. ಹಾಗಲ್ಲ ಎಂದು ವೈನಿ ಹೇಳಿ ಕಳಿಸುತ್ತಿದ್ದಳು. ಅದು ಅಳುವ ಮಾತಲ್ಲ, ಕೇಳುವ ಮಾತು. ನೀರು ತುಂಬಿಟ್ಟಿದ್ದೀರಾ ಎಂದು ಕೇಳಿದ ಹಾಗೆ ಕೇಳಬೇಕು. ಉತ್ತರ ಬೇಕಾಗಿದೆ ಎಂಬ ಹಾಗೆ ಕೇಳಬೇಕು. ನನಗೆ ಮರಾಠಿ ನಿಜವಾಗಿ ಬಂದದ್ದು ಆ ಸೋಮವಾರಗಳಲ್ಲಿ. ಒಂದು ಮಾತಿನ ಶಬ್ದಗಳು ಗೊತ್ತಿದ್ದರೂ ಆ ಮಾತು ಗೊತ್ತಿರುವುದಿಲ್ಲ ಎಂಬುದೂ ಆಗಲೇ ತಿಳಿಯಿತು. ಇದೆಲ್ಲ ಅವ್ವನಿಗೆ ಕೇಳುತ್ತಿತ್ತು. ಅವಳು ಒಮ್ಮೆಯೂ ಬೇಡ ಅನ್ನಲಿಲ್ಲ. ತಾಲೀಮಿನ ಹೊತ್ತಿಗೆ ಅಡುಗೆಮನೆಗೆ ಹೋಗಿ ಕೂರುತ್ತಿದ್ದಳು.

ಅತ್ತೆಯ ಪಾತ್ರ ಗೋಡೆ ಕಟ್ಟುವ ಗೌಂಡಿ ಇಮಾಮನದು. ಸೊಸೆ ಕೇಳಿದ ಮೇಲೆ ಅತ್ತೆ ಏನು ಹೇಳಬೇಕು ಎಂಬುದನ್ನು ಕಾಕಾ ಬರೆದಿರಲಿಲ್ಲ. ಪ್ರತಿ ತಾಲೀಮಿನಲ್ಲೂ ಅಲ್ಲಿಗೆ ಬಂದು ಇಮಾಮ, ಮಾಸ್ತರ, ನನ್ನ ಮಾತು, ಎಂದು ಕೇಳುತ್ತಿದ್ದ. ಇನ್ನೂ ಬರೆಯುವುದಿದೆ ಎಂದು ಕಾಕಾ ಮುಂದಿನ ಪ್ರವೇಶಕ್ಕೆ ಹೋಗುತ್ತಿದ್ದ. ನಾಟಕ ಹತ್ತಿರ ಬಂದಾಗ ನಾನೇ ಒಮ್ಮೆ ಕೇಳಿದೆ. ಅವನು ಹಾಳೆ ಮುಚ್ಚಿದ.

"ಸೊಸಿ ಮಾತು ಸೋಲಾಪುರದಾಗ ಸಿಕ್ತು ನನಗ. ಅತ್ತಿ ಮಾತು ನನ್ನ ಮನ್ಯಾಗs ಅದ, ಸಿಗವಲ್ದು."

ಕೊನೆಯ ತಾಲೀಮಿನ ಸೋಮವಾರ ಓಣಿಯ ಹೆಂಗಸರು ಮಕ್ಕಳು ಬಂದು ಅಂಗಳದಲ್ಲಿ ಕೂತರು. ಬಿಸಿಲು ಜೋರಾಗಿತ್ತು. ಗೌರಕ್ಕ ಮೊರದಲ್ಲಿ ಹೆಸರುಕಾಳು ತಂದುಕೊಂಡಿದ್ದಳು, ನೋಡುತ್ತ ಹಸನು ಮಾಡಲು. ಆ ದಿನ ಅವ್ವ ಅಡುಗೆಮನೆಗೆ ಹೋಗಲಿಲ್ಲ. ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ವೈನಿ ಕದದ ಹಿಂದೆ, ಬಾಬು ಅವಳ ತೊಡೆಯ ಮೇಲೆ ಮಲಗಿದ್ದ. ನಾನು ಇಬ್ಬರ ನಡುವೆ. ಸಿದ್ರಾಮ ಮೀಸೆ ಬೋಳಿಸಿಕೊಂಡು, ಹೆಂಡತಿಯ ಹಸಿರು ಸೀರೆ ಉಟ್ಟು ಬಂದ. ಅಂಗಳದಲ್ಲಿ ಆಗಲೇ ಮಕ್ಕಳು ಕಿಸಿಕಿಸಿ ಅಂದರು. ಹೆಣದ ಜಾಗದಲ್ಲಿ ಒಂದು ಕಂಬಳಿ ಸುತ್ತಿ ಇಟ್ಟಿದ್ದರು. ಅವನು ಅದರ ಹತ್ತಿರ ಕೂತು, ತಲೆ ಎತ್ತಿ ಇಮಾಮನ ಕಡೆ ನೋಡಿ ಕೇಳಿದ:

"ತೇ ಜೇವೂನ್ ಗೇಲೇ ಹೋತೇ ಕಾ?"

ಅಂಗಳವೆಲ್ಲ ನಕ್ಕಿತು. ಅದರಲ್ಲಿ ದುರುದ್ದೇಶ ಇರಲಿಲ್ಲ. ಸಿದ್ರಾಮನ ಬಾಯಿಂದ ಮರಾಠಿ ಬಂದರೆ ನಗುವುದು ಅವರಿಗೆ ರೂಢಿಯಾಗಿತ್ತು. ಗೌರಕ್ಕ ಮೊರ ಕೆಳಗಿಟ್ಟು ನಕ್ಕಳು. ನಾನು ವೈನಿಯ ಮುಖ ನೋಡಲಿಲ್ಲ, ಅವಳ ಕೈ ನೋಡಿದೆ. ಅದು ಬಾಬುವಿನ ಬೆನ್ನ ಮೇಲೆ ಇತ್ತು, ತಟ್ಟುವುದು ನಿಂತಿತ್ತು. ಸಿದ್ರಾಮ ಕಾಕಾನ ಕಡೆ ತಿರುಗಿದ. ಕಾಕಾ ಮತ್ತೆ ಅನ್ನು ಎಂದು ಕೈ ಮಾಡಿದ. ಸಿದ್ರಾಮ ಮತ್ತೆ ಕೇಳಿದ. ಕೆಲವರು ನಕ್ಕರು. ಅವನು ಏಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ, ಅತ್ತೆಯ ಮುಖ ಬಿಟ್ಟು ಬೇರೆ ಕಡೆ ನೋಡಲಿಲ್ಲ. ವೈನಿ ಕಲಿಸಿದ ಹಾಗೆ, ಉತ್ತರ ಬೇಕಾದವನ ಹಾಗೆ ಇನ್ನೊಮ್ಮೆ ಕೇಳಿದ. ಈ ಸಲ ಯಾರೂ ನಗಲಿಲ್ಲ. ಇಮಾಮ ಸೆರಗು ಹೊದ್ದುಕೊಂಡು ಸುಮ್ಮನೆ ನಿಂತಿದ್ದ. ಅವನಿಗೆ ಮಾತಿರಲಿಲ್ಲ. ಗೌರಕ್ಕ ಅವನನ್ನೇ ನೋಡುತ್ತಿದ್ದಳು. ಅಷ್ಟು ದಿನ ಆ ಮಾತನ್ನು ಊರೆಲ್ಲ ಹೇಳಿಕೊಂಡು ತಿರುಗಿದವಳು, ಈಗ ಅದಕ್ಕೆ ಒಂದು ಉತ್ತರ ಇರಬೇಕು ಎಂದು ಕಾಯುತ್ತಿದ್ದಳು.

ನನ್ನ ಹಿಂದಿನಿಂದ ಅವ್ವ ಹೇಳಿದಳು:

"ಇಲ್ಲವಾ. ಉಂಡು ಹೋಗಲಿಲ್ಲ ಅಂವ."

ದನಿ ದೊಡ್ಡದಾಗಿರಲಿಲ್ಲ, ಆದರೆ ಪಡಸಾಲೆಗೆ ಕೇಳಿತು. ಆಮೇಲೆ ಉಳಿದದ್ದನ್ನೂ ಹೇಳಿದಳು:

"ರೊಟ್ಟಿ ಮುರದಿದ್ದ. ಸೋಲಾಪುರಕ್ಕ ಹೋಗಿ ಮಾವನ ಅಂಗಡ್ಯಾಗ ನಿಂದರತೀನಿ ಅಂದ. ಹೆಂಡತಿ ಕುಣಿಸಿದಾಂಗ ಕುಣಿತಿ ಏನು ಅಂದೆ ನಾ. ತಾಟು ಸರಸಿ ಎದ್ದು ಹೋದ."

ವೈನಿ ಬಾಬುವನ್ನು ನನ್ನ ತೊಡೆಗೆ ಹಾಕಿ ಎದ್ದು ಅಡುಗೆಮನೆಗೆ ಹೋದಳು. ಒಲೆ ಹೊತ್ತಿಸಿದ ಸಪ್ಪಳ, ಆಮೇಲೆ ಹಿಟ್ಟು ನಾದುವ ಸಪ್ಪಳ, ಆಮೇಲೆ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ಅಂಗಳದ ಹೆಂಗಸರು ಎದ್ದು ಹೋಗಲಿಲ್ಲ. ಅವಳು ತಾಟಿನಲ್ಲಿ ರೊಟ್ಟಿ, ಪಿಠಲ, ಉಳ್ಳಾಗಡ್ಡಿ ಹಾಕಿಕೊಂಡು, ಕದ ಸರಿಸಿ ಪಡಸಾಲೆಗೆ ಬಂದಳು. ಗಂಡಸರು ಕೂತಿದ್ದಾಗ ನಮ್ಮ ಮನೆಯ ಸೊಸೆ ಹೊಸ್ತಿಲು ದಾಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ತಾಟನ್ನು ಸಿದ್ರಾಮನ ಮುಂದೆ ಇಟ್ಟಳು. ಅವನಿಗೆ ಏನು ಎಂದು ತಿಳಿಯಲಿಲ್ಲ. ಕಾಕಾ ಅವನ ಹತ್ತಿರ ಬಗ್ಗಿ, ಮಲ್ಲಣ್ಣನ ಹೆಸರಲ್ಲಿ ಉಣ್ಣು ಎಂದ. ಸಿದ್ರಾಮ ಸೀರೆ ಬಿಚ್ಚಿ ಬರುತ್ತೇನೆ ಎಂದು ಏಳಲು ಹೋದ, ವೈನಿ ಬೇಡ ಎಂದು ತಲೆ ಅಲ್ಲಾಡಿಸಿದಳು. ಅವನು ಹೆಂಡತಿಯ ಸೀರೆಯಲ್ಲೇ ತಲೆ ತಗ್ಗಿಸಿ ಉಂಡ. ಅವ್ವ ಎದ್ದು ಬಂದಳು. ಇನ್ನೊಂದು ಹಾಕಲೇನು ಎಂದು ಕೇಳಿದಳು. ಸಾಕ್ರಿ ಯವ್ವಾ ಎಂದ. ಅವ್ವ ಹಾಕಿದಳು. ಅವನು ಅದನ್ನೂ ಉಂಡ.

ಆಮೇಲೆ ಇಬ್ಬರೂ ತಬ್ಬಿಕೊಂಡು ಅತ್ತರು ಎಂದು ನೀವು ತಿಳಿಯಬೇಡಿ. ಯಾರೂ ಅಳಲಿಲ್ಲ. ಮಂದಿ ಮನೆಗೆ ಹೋದರು. ವೈನಿ ಅಡುಗೆಮನೆಯಲ್ಲಿ ಕೂತು ಒಂದು ರೊಟ್ಟಿ ಪೂರ್ತಿ ಉಂಡಳು, ನೀರು ಕುಡಿಯದೆ ನುಂಗಿದಳು. ಅವ್ವ ಎದುರಿಗೆ ಕೂತು, ಆ ಬೆಳಗಿನದನ್ನು ಮೊದಲಿನಿಂದ ಹೇಳಿದಳು. ವೈನಿ ನಡುನಡುವೆ ಏನೋ ಕೇಳುತ್ತಿದ್ದಳು, ಅವ್ವ ಹೇಳುತ್ತಿದ್ದಳು. ಹೊರಡುವಾಗ ತಲೆಗೆ ಏನು ಸುತ್ತಿಕೊಂಡಿದ್ದ, ತಿರುಗಿ ನೋಡಿದ್ದನೇ, ಇಂಥವು. ಒಬ್ಬಳದು ಮರಾಠಿ, ಒಬ್ಬಳದು ಕನ್ನಡ.

ಯುಗಾದಿ ಮುಗಿದು ಬೀಗರು ಬಂದರು. ಅಪ್ಪ ಪಡಸಾಲೆಯಲ್ಲಿ ಕೂತು ಮಾತು ಹೇಗೆ ತೆಗೆಯಬೇಕು ಎಂದು ನೋಡುತ್ತಿದ್ದ. ಅವ್ವ ಕದದ ಹಿಂದಿನಿಂದ ಮಾತಾಡಲಿಲ್ಲ. ಒಳಗೆ ನನಗೆ, ಬಾಬುವಿನ ಅರಿವೆಗಳನ್ನು ಗಂಟು ಕಟ್ಟು ಎಂದಳು. ನಾನು ಕಟ್ಟಿದೆ. ಅಪ್ಪ ಒಳಗೆ ಬಂದು, ಇದೇನು, ಕೂಸು ನಮ್ಮದು ಎಂದು ನೀನೇ ಹಟ ಹಿಡಿದಿದ್ದೆಯಲ್ಲ ಎಂದ. ಅವ್ವ ಅವನ ಮುಖ ನೋಡದೆ ಹೇಳಿದಳು:

"ಅಂವ ಹೋಗತೀನಿ ಅಂದಾಗ ಬ್ಯಾಡ ಅಂದೆ. ಇನ್ನ ಯಾರಿಗೂ ಬ್ಯಾಡ ಅನ್ನಂಗಿಲ್ಲ ನಾ."

ಬಾಬುವನ್ನು ತಾನೇ ಎತ್ತಿ ವೈನಿಯ ಕಂಕುಳಿಗೆ ಕೊಟ್ಟಳು. ಅವನು ಅವ್ವನ ಕಡೆಗೇ ಕೈ ಚಾಚಿದ. ಅವ್ವ ಒಳಗೆ ಹೋದಳು. ನಾನೂ ಕಾಕಾನೂ ಸ್ಟೇಶನ್‌ವರೆಗೆ ಹೋಗಿ ಗಾಡಿ ಹತ್ತಿಸಿ ಬಂದೆವು. ತಿರುಗಿ ಬಂದಾಗ ಅವ್ವ ಜೋಳ ಬೀಸುತ್ತಿದ್ದಳು. ಆ ದಿನವೂ ನನಗೆ ಏನೂ ಅನಿಸಲಿಲ್ಲ. ಅನಿಸಲು ಹಲವು ವರ್ಷ ಬೇಕಾಯಿತು.

ನಾಟಕ ಆಯಿತು. ನಾವು ಹೋಗಲಿಲ್ಲ. ಅತ್ತೆಯ ಜಾಗದಲ್ಲಿ ಅವ್ವನ ಮಾತು ಹಾಕಲೇನು ಎಂದು ಕಾಕಾ ಕೇಳಿದ್ದ, ಅವ್ವ ಬೇಡ ಎಂದಿದ್ದಳು. ಇಮಾಮ ಸುಮ್ಮನೆ ನಿಂತನಂತೆ. ಜನ ನಕ್ಕರಂತೆ. ಆ ಸೋಮವಾರ ನಮ್ಮ ಅಂಗಳದಲ್ಲಿದ್ದ ಹೆಂಗಸರು ಮಾತ್ರ ನಗಲಿಲ್ಲ ಎಂದು ಕಾಕಾ ಹೇಳಿದ. ಮರುವರ್ಷ ಊರವರು ತಲಾಠಿ ಬೇಕು ಎಂದರು. ಕಾಕಾ ಬರೆಯಲಿಲ್ಲ, ಬೇರೆ ಯಾರೋ ಬರೆದರು.

ನೀವು ದೀಪಾವಳಿಗೆ ಹೋಗಿ ಪೇಢೆ ತಿಂದು ಬರುವ ನೂಲಿನ ಅಂಗಡಿಯ ಬಾಬು ಕಾಕಾ, ಆ ಕೂಸು. ವೈನಿ ಅವನನ್ನು ಬೆಳೆಸಿ, ಬಾಲವಾಡಿಯಲ್ಲಿ ಕಲಿಸುವ ಕೆಲಸ ಮಾಡಿ, ಎಂಟು ವರ್ಷದ ಹಿಂದೆ ತೀರಿಹೋದಳು. ಆ ವರ್ಷದ ಮಾತನ್ನು ಅವಳು ಮಗನ ಮುಂದೆ ಎಂದೂ ತೆಗೆದಿರಲಿಲ್ಲ. ಗ್ಯಾದರಿಂಗಿಗೆ ಅವನೂ ಬಂದಿದ್ದ, ನನ್ನ ಪಕ್ಕದ ಕುರ್ಚಿಯಲ್ಲಿ. ಶ್ರೇಯಾ ಮುದುಕಿಯಾಗಿ ಕೋಲೂರಿಕೊಂಡು ಬಂದಾಗ ಎಲ್ಲರ ಜೊತೆ ಅವನೂ ನಕ್ಕ. ಆಮೇಲೆ, ನಮ್ಮ ಕನ್ನಡದ ಆಜಿಯೂ ಹೀಗೇ ಇದ್ದಳಾ, ನಮ್ಮನ್ನು ಮನೆಯಿಂದ ಕಳಿಸಿಬಿಟ್ಟಳಲ್ಲ, ನಾನು ಅವಳಿಗೆ ಬೇಡವಾಗಿದ್ದೆನಾ ಎಂದು ಅವ್ವನ ಬಗ್ಗೆ ಮರಾಠಿಯಲ್ಲಿ ಕೇಳಿದ. ನಗುತ್ತಲೇ ಕೇಳಿದ. ಅವನಿಗೆ ಐವತ್ತು ದಾಟಿದೆ. ಬರೆದು ಕೊಡುತ್ತೇನೆ ಎಂದೆ.

ಬರೆದಿದ್ದೇನೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ, ಅದಕ್ಕೆ ನಿಮ್ಮ ಹೆಸರಿಗೆ ಬರೆದೆ. ಶ್ರೇಯಾ, ನೀನು ಅವನ ಮುಂದೆ ಕೂತು ಇದನ್ನು ಓದಬೇಕು. ಉಳಿದದ್ದನ್ನು ಮರಾಠಿ ಮಾಡಿ ಹೇಳು. ಅವ್ವನ ಮಾತು ಬಂದಲ್ಲಿ ಅವಳು ಅಂದ ಹಾಗೆಯೇ ಓದು, ಅವನಿಗೆ ತಿಳಿಯುತ್ತದೆ. ಓದಿ ಮುಗಿದ ಮೇಲೆ ಹಾಳೆಗಳನ್ನು ಅವನಿಗೆ ಕೊಟ್ಟುಬಿಡಬೇಡಿ, ಅಂಗಡಿಯಲ್ಲಿ ನೂಲು ಕಟ್ಟಲು ಹೋದಾವು. ಓಂಕಾರ, ನೀನು ಇವನ್ನು ನನ್ನ ಪೆಟ್ಟಿಗೆಯಲ್ಲಿ, ಸೀರೆಗಳ ಕೆಳಗೆ, ಒದ್ದೆ ತಾಗದ ಹಾಗೆ ಇಡು. ಅವನು ಇನ್ನೊಮ್ಮೆ ಕೇಳಲು ಬರುತ್ತಾನೆ.